ಹಕ್ಕಳೆಹಿಮದ ಮೇಲೆ ನಾಯಿಯ ಹಿಂದೆ



ಜೀವಮಾನವೆಲ್ಲ ಕಾವ್ಯವನ್ನೂ ವ್ಯಾಕರಣವನ್ನೂ ಪಾಠ ಹೇಳಿಕೊಂಡು ಬಂದ ಕನ್ನಡ ಮೇಷ್ಟರೊಬ್ಬ ಹಿಮದ ಮೇಲೆ ನಾಯಿ ಓಡಿಸುವ ಆಟವನ್ನು ಕುರಿತು ಮಾತನಾಡುತ್ತಾನೆಂದರೆ ನಿಮಗೆ ಆಶ್ಚರ್ಯವಾದೀತು. ನನಗೂ ಆಶ್ಚರ್ಯವೇ. ನಮ್ಮಂಥವರಿಗೆ ಹಿಮ, ನಾಯಿ ಎಂಬ ಎರಡು ಮಾತುಗಳು ಒಟ್ಟಿಗೆ ಕಿವಿಗೆ ಬಿದ್ದರೆ ನೆನಪಾಗುವುದು ಒಂದೇ ಚಿತ್ರ: ಮಹಾಪ್ರಸ್ಥಾನದಲ್ಲಿ ತಮ್ಮಂದಿರೂ ದ್ರೌಪದಿಯೂ ಒಬ್ಬೊಬ್ಬರಾಗಿ ಬಿದ್ದ ಮೇಲೆ ಧರ್ಮರಾಯನ ಹಿಂದೆ ಉಳಿದ ಆ ಒಂದು ನಾಯಿ. ಅಲ್ಲಿ ಮನುಷ್ಯ ಮುಂದೆ, ನಾಯಿ ಹಿಂದೆ. ನಾನಿಂದು ಹೇಳಹೊರಟಿರುವುದರಲ್ಲಿ ನಾಯಿ ಮುಂದೆ, ಮನುಷ್ಯ ಹಿಂದೆ. ಇಬ್ಬರ ನಡುವೆ ಮೂರು ಮೀಟರಿನ ಒಂದು ಹುರಿ.

ನನ್ನ ಮಗಳೂ ಅಳಿಯನೂ ನಾರ್ವೆ ದೇಶದ ಉತ್ತರದ ಅಂಚಿನಲ್ಲಿರುವ ಆಲ್ತಾ ಎಂಬ ಊರಿನಲ್ಲಿ ನೆಲೆಸಿದ್ದಾರೆ. ಅದು ಹೆಚ್ಚುಕಡಿಮೆ 70 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಎಂದರೆ ಉತ್ತರ ಧ್ರುವವೃತ್ತದಿಂದಲೂ ಬಹಳ ಮೇಲೆ ಇರುವ ಊರು. ನಿವೃತ್ತನಾದ ಮೇಲೆ ಒಂದು ಏಪ್ರಿಲ್ ತಿಂಗಳನ್ನು ನಾನು ಅವರ ಮನೆಯಲ್ಲಿ ಕಳೆದೆ. ಏಪ್ರಿಲ್ ಎಂದರೆ ನಮಗೆ ಮಾವಿನಕಾಯಿ, ಬಿಸಿಲು, ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು. ಅಲ್ಲಿ ಮನೆಯ ಮುಂದೆ ಸೊಂಟದೆತ್ತರದ ಹಿಮ. ಆದರೆ ಬೆಳಕಿಗೆ ಕೊರತೆಯಿಲ್ಲ. ತಿಂಗಳ ಕೊನೆಯ ಹೊತ್ತಿಗೆ ಬೆಳಗಿನ ನಾಲ್ಕು ಗಂಟೆಗೇ ಹಗಲಾಗಿರುತ್ತದೆ. ಮಗಳ ನೆರೆಮನೆಯಲ್ಲಿ ಒಬ್ಬ ವೃದ್ಧರಿದ್ದರು. ಅವರೂ ನಿವೃತ್ತ ಉಪಾಧ್ಯಾಯರೇ. ಅವರ ಬಳಿ ಫ್ರೈಯಾ ಎಂಬ ಹೆಣ್ಣು ನಾಯಿಯಿತ್ತು. ಇಂದು ನಾನು ಹೇಳುವ ಮಾತಿನಲ್ಲಿ ಅರ್ಧ ಪುಸ್ತಕಗಳಿಂದ ಬಂದದ್ದು. ಉಳಿದರ್ಧ ಆ ವೃದ್ಧರಿಂದಲೂ ಆ ನಾಯಿಯಿಂದಲೂ ಬಂದದ್ದು.

ಮೊದಲು ಹೆಸರಿನಿಂದಲೇ ಆರಂಭಿಸುವುದು ನನ್ನ ಕಸುಬಿಗೆ ಒಪ್ಪುವ ಕ್ರಮ. ಉದ್ದನೆಯ, ತುದಿ ಬಾಗಿದ ಎರಡು ಹಲಗೆಗಳನ್ನು ಪಾದಗಳಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತ ಸಾಗುವುದನ್ನು ನೀವು ಚಿತ್ರಗಳಲ್ಲಿ ನೋಡಿದ್ದೀರಿ. ನಾವು ಇಂಗ್ಲಿಷರ ಮೂಲಕ ಕಲಿತು ‘ಸ್ಕೀ’ ಎನ್ನುವ ಆ ಹಲಗೆಯನ್ನು ನಾರ್ವೆಯವರು ‘ಷೀ’ ಎಂದು ಉಚ್ಚರಿಸುತ್ತಾರೆ. ಹಳೆಯ ನಾರ್ಸ್ ಭಾಷೆಯಲ್ಲಿ ಅದರ ಮೂಲರೂಪಕ್ಕೆ ಸೀಳಿದ ಮರದ ತುಂಡು ಎಂದೇ ಅರ್ಥ. ಆ ದೇಶದ ರೋಡೊಯ್ ಎಂಬ ದ್ವೀಪದ ಬಂಡೆಯೊಂದರ ಮೇಲೆ ಸ್ಕೀ ಕಟ್ಟಿಕೊಂಡ ಮನುಷ್ಯನ ಒಂದು ಗೀರುಚಿತ್ರವಿದೆ. ಅದು ಸಾವಿರಾರು ವರ್ಷ ಹಳೆಯದು. ಆದ್ದರಿಂದ ಇದು ಶ್ರೀಮಂತರ ವಿಹಾರಕ್ಕಾಗಿ ಹುಟ್ಟಿದ್ದಲ್ಲ. ಚಳಿಯ ನಾಡಿನ ಜನ ಬದುಕುವುದಕ್ಕಾಗಿ ಕಂಡುಕೊಂಡ ಪಾದರಕ್ಷೆ.

ಸ್ಕೀ ಕಟ್ಟಿಕೊಂಡವನನ್ನು ಪ್ರಾಣಿಯೊಂದು ಎಳೆದರೆ ಅದಕ್ಕೆ ನಾರ್ವೆಯ ಭಾಷೆಯಲ್ಲಿ ‘ಸ್ನೋರೆಷೋರಿಂಗ್’ ಎಂದು ಹೆಸರು. ‘ಸ್ನೋರೆ’ ಎಂದರೆ ಹುರಿ; ‘ಷೋರಿಂಗ್’ ಎಂದರೆ ಗಾಡಿ ಹೊಡೆಯುವುದು. ಸ್ಕೀಯ ಮೇಲಿನ ಸವಾರಿ ಎಂಬ ಅರ್ಥದ ಅದೇ ಭಾಷೆಯ ಇನ್ನೊಂದು ಮಾತು ಇಂಗ್ಲಿಷಿಗೆ ಹೋಗಿ ‘ಸ್ಕೀಜೋರಿಂಗ್’ ಆಯಿತು. ಎಳೆಯುವ ಪ್ರಾಣಿ ನಾಯಿಯೇ ಆಗಬೇಕೆಂದಿಲ್ಲ. ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಸ್‌ನಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಸವಾರನಿಲ್ಲದ ಕುದುರೆಗಳ ಹಿಂದೆ ಜನ ಹೀಗೆ ಸ್ಪರ್ಧಿಸುತ್ತಾರೆ. 1928ರ ಚಳಿಗಾಲದ ಒಲಿಂಪಿಕ್ ಕ್ರೀಡೆಗಳಲ್ಲಿ ಅಲ್ಲಿ ಇದು ಪ್ರದರ್ಶನದ ಪಂದ್ಯವಾಗಿತ್ತು. ಉತ್ತರದ ಸಾಮಿ ಜನರು ಹಿಮಸಾರಂಗವನ್ನು ಕಟ್ಟಿ ಎಳೆಸುತ್ತಾರೆ. ಆದರೆ ಕುದುರೆಗೆ ಬೇಕಾದಷ್ಟು ಮೇವು, ಲಾಯ, ಅಗಲವಾದ ದಾರಿ ಎಲ್ಲಿ ಸಿಕ್ಕೀತು? ಸಾಧಾರಣ ಮನೆಯವನಿಗೆ ನಾಯಿಯೇ ಗತಿ.

ಇನ್ನು ಸಲಕರಣೆ. ನಾಯಿಯ ಕೊರಳಿಗೆ ಹಗ್ಗ ಬಿಗಿಯುವುದಿಲ್ಲ. ಬಿಗಿದರೆ ಉಸಿರು ಕಟ್ಟುತ್ತದೆ. ಎದೆಯ ಮೂಳೆಯ ಮೇಲೂ ಪಕ್ಕೆಗಳ ಮೇಲೂ ಭಾರ ಹಂಚಿಹೋಗುವಂತೆ ಮೆತ್ತನೆಯ ಪಟ್ಟಿಗಳ ಒಂದು ಸಜ್ಜನ್ನು ತೊಡಿಸುತ್ತಾರೆ. ಭುಜಗಳ ಚಲನೆಗೆ ಅದು ಅಡ್ಡಿಯಾಗಬಾರದು. ಸಜ್ಜಿನ ಹಿಂತುದಿಯಿಂದ ಹುರಿ ಹೊರಡುತ್ತದೆ. ಅದರಲ್ಲೊಂದು ಭಾಗ ರಬ್ಬರಿನಂತೆ ಹಿಗ್ಗುವಂಥದು. ನಾಯಿ ಥಟ್ಟನೆ ಜಿಗಿದಾಗ ಆ ಹೊಡೆತ ಅದರ ಬೆನ್ನಿಗಾಗಲಿ ಮನುಷ್ಯನ ಸೊಂಟಕ್ಕಾಗಲಿ ತಗಲದಿರಲೆಂದು ಈ ಏರ್ಪಾಡು. ಹುರಿಯ ಉದ್ದ ಎರಡೂವರೆಯಿಂದ ಮೂರೂವರೆ ಮೀಟರು. ಇನ್ನೊಂದು ತುದಿ ಮನುಷ್ಯನ ಕೈಯಲ್ಲಿರುವುದಿಲ್ಲ, ಸೊಂಟಕ್ಕೆ ಕಟ್ಟಿದ ಅಗಲವಾದ ಪಟ್ಟಿಯ ಕೊಂಡಿಯಲ್ಲಿರುತ್ತದೆ. ಕೈಗಳಿಗೆ ಊರುಗೋಲುಗಳನ್ನು ಹಿಡಿಯುವ ಕೆಲಸವಿದೆಯಷ್ಟೆ. ಆ ಕೊಂಡಿ ಒಂದೇ ಎಳೆತಕ್ಕೆ ಕಳಚಿಕೊಳ್ಳುವಂತಿರಬೇಕು. ಬಿದ್ದಾಗ, ಮರಕ್ಕೆ ಹುರಿ ಸುತ್ತಿಕೊಂಡಾಗ, ಹೆಪ್ಪುಗಟ್ಟಿದ ಕೆರೆ ಬಾಯಿಬಿಟ್ಟಾಗ ಪ್ರಾಣ ಉಳಿಯುವುದು ಆ ಕೊಂಡಿಯಿಂದ. ಪರ್ವತದ ಇಳಿಜಾರುಗಳಿಗೆ ಬಳಸುವ ಸ್ಕೀಗಳ ಅಂಚಿಗೆ ಉಕ್ಕಿನ ಪಟ್ಟಿ ಇರುತ್ತದೆ. ನಾಯಿಯ ಹಿಂದೆ ಹೋಗುವವರು ಅಂಥದನ್ನು ತೊಡುವುದಿಲ್ಲ. ಮುಗ್ಗರಿಸಿ ನಾಯಿಯ ಮೇಲೆ ಹಾಯ್ದರೆ ಅದರ ಕಾಲು ಕತ್ತರಿಸಿಹೋದೀತು.

ಇಷ್ಟೆಲ್ಲ ಇದ್ದರೂ ಇಲ್ಲದಿರುವುದೊಂದಿದೆ: ಲಗಾಮು. ಕುದುರೆಗೆ ಕಡಿವಾಣವಿದೆ, ಎತ್ತಿಗೆ ಮೂಗುದಾರವಿದೆ. ಈ ನಾಯಿಗೆ ಎರಡೂ ಇಲ್ಲ. ಅದನ್ನು ನಡೆಸುವುದು ಕೇವಲ ಮಾತು. ಇಂಗ್ಲಿಷ್ ಆಡುವ ನಾಡುಗಳಲ್ಲಿ ಬಲಕ್ಕೆ ‘ಜೀ’, ಎಡಕ್ಕೆ ‘ಹಾ’ ಎನ್ನುತ್ತಾರೆ. ನಾರ್ವೆಯವರು ತಮ್ಮ ಭಾಷೆಯ ಬಲ ಎಡಗಳ ಮಾತುಗಳನ್ನೇ ಬಳಸುತ್ತಾರೆ. ಹೊರಡು, ನಿಲ್ಲು, ಅದನ್ನು ಬಿಟ್ಟು ಮುಂದೆ ನಡೆ ಎಂಬ ಇನ್ನೆರಡು ಮೂರು ಮಾತುಗಳು. ನಿಘಂಟು ಅಷ್ಟರಲ್ಲಿ ಮುಗಿಯಿತು. ಕಲಿಸುವ ಕ್ರಮವೂ ಸರಳ. ಬೇಸಗೆಯಲ್ಲಿ ನಡೆದಾಡುವಾಗ ಪ್ರತಿ ತಿರುವಿನಲ್ಲಿಯೂ ಆ ಮಾತನ್ನು ಹೇಳುತ್ತ ಹೋಗುವುದು. ಮೊದಲು ಹಗುರವಾದ ಮರದ ತುಂಡೊಂದನ್ನು ಎಳೆಸುವುದು. ಮೂಳೆ ಬಲಿಯುವವರೆಗೆ ಭಾರ ಹಾಕದಿರುವುದು. ಸಾಮಾನ್ಯವಾಗಿ ಒಂದು ನಾಯಿ, ಹೆಚ್ಚೆಂದರೆ ಎರಡು ಮೂರು. ಹಸ್ಕಿಯಂತಹ ಉತ್ತರದ ತಳಿಗಳೇ ಆಗಬೇಕೆಂಬ ನಿಯಮವಿಲ್ಲ. ಬೇಟೆಗೆ ಬೆಳೆಸಿದ, ಗಿಡ್ಡಕೂದಲಿನ ಜರ್ಮನ್ ಪಾಯಿಂಟರ್ ನಾಯಿಗಳು ಇಂದು ಸ್ಪರ್ಧೆಗಳಲ್ಲಿ ಬಹಳ ಹೆಸರು ಪಡೆದಿವೆ. ಫ್ರೈಯಾ ಆ ಜಾತಿಯದು. ಎಳೆಯುವುದನ್ನು ಹೊಡೆದು ಕಲಿಸಲಾಗುವುದಿಲ್ಲ. ಅದರೊಳಗೆ ಓಡುವ ಆಸೆ ಇರಬೇಕು. ಸಜ್ಜನ್ನು ಗೂಟದಿಂದ ತೆಗೆದ ಸದ್ದು ಕೇಳಿದರೆ ಸಾಕು, ಫ್ರೈಯಾ ಮೈಯೆಲ್ಲ ನಡುಗುತ್ತ ತಾನಾಗಿಯೇ ತಲೆಯನ್ನು ಅದರೊಳಗೆ ತೂರಿಸುತ್ತಿತ್ತು.

ಮನುಷ್ಯನು ಹಿಂದೆ ಸುಮ್ಮನೆ ನಿಂತು ಎಳೆಸಿಕೊಂಡು ಹೋಗುತ್ತಾನೆಂದು ಭಾವಿಸಬೇಡಿ. ಅವನೂ ಕಾಲಿನಿಂದ ತಳ್ಳಬೇಕು, ಕೋಲಿನಿಂದ ಮೀಟಬೇಕು. ಏರಿನಲ್ಲಿ ಅರ್ಧಕ್ಕಿಂತ ಹೆಚ್ಚು ದುಡಿಮೆ ಅವನದೇ ಆಗಬೇಕು. ನುರಿತ ಜೋಡಿ ಒಳ್ಳೆಯ ಹಿಮದ ಮೇಲೆ ಗಂಟೆಗೆ 25 ಕಿಲೋಮೀಟರಿನ ವೇಗವನ್ನು ಸುಲಭವಾಗಿ ಮುಟ್ಟುತ್ತದೆ. ಇದಕ್ಕೆ ಜೋಡಿ ಎಂಬ ಮಾತೇ ಸರಿ. ಸವಾರ, ವಾಹನ ಎನ್ನುವುದು ತಪ್ಪು.

ಈಗ ನಾನು ಹಿಮಕ್ಕೆ ಬರುತ್ತೇನೆ. ನಮ್ಮ ಭಾಷೆಯಲ್ಲಿ ‘ಮಂಜು’ ಎಂಬ ಒಂದೇ ಪದ ಬೆಳಗಿನ ಕಾವಳಕ್ಕೂ ಸಲ್ಲುತ್ತದೆ, ಹಿಮಾಲಯದ ಮೇಲೆ ಬೀಳುವ ಬಿಳಿಯ ವಸ್ತುವಿಗೂ ಸಲ್ಲುತ್ತದೆ. ಅದು ನಮ್ಮ ಭಾಷೆಯ ಬಡತನವಲ್ಲ, ಅಗತ್ಯವಿರಲಿಲ್ಲ, ಅಷ್ಟೆ. ಆದರೆ ಹಿಮದಲ್ಲಿ ಅವಸ್ಥಾಭೇದಗಳು ಬಹಳ. ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಇರುತ್ತದೆ. ಅದರಲ್ಲಿ ನಾಯಿ ಹೊಟ್ಟೆಯವರೆಗೆ ಹೂತುಹೋಗುತ್ತದೆ. ಯಾರಾದರೂ ಮೊದಲೇ ತುಳಿದು ಮಾಡಿದ ದಾರಿ ಬೇಕೇ ಬೇಕು. ಆದ್ದರಿಂದ ಚಳಿಗಾಲದ ನಡುವೆ ಈ ಸವಾರಿ ಹಾಕಿದ ಹಾದಿಗೆ ಕಟ್ಟುಬಿದ್ದಿರುತ್ತದೆ. ವಸಂತ ಬಂದಾಗ ಎಲ್ಲವೂ ಬದಲಾಗುತ್ತದೆ.

ಹಗಲಿನ ಸೂರ್ಯ ಮೇಲಿನ ಪದರವನ್ನು ಕರಗಿಸುತ್ತಾನೆ. ಕರಗಿದ ನೀರು ಹರಿದುಹೋಗದೆ ಹಿಮದ ಕಣಗಳ ನಡುವಿನ ಸಂದುಗಳಲ್ಲಿ ನಿಲ್ಲುತ್ತದೆ. ಚೂಪಾದ ಹರಳುಗಳು ಸವೆದು ದುಂಡಗಾಗುತ್ತವೆ. ರಾತ್ರಿ ಆಕಾಶ ನಿರ್ಮಲವಾಗಿದ್ದರೆ ಹಿಮದ ಮೈ ತನ್ನ ಶಾಖವನ್ನು ಬಾನಿನತ್ತ ಸೂಸಿಬಿಡುತ್ತದೆ. ಬರಿಗಣ್ಣಿಗೆ ಬೆಳ್ಳಗೆ ಕಾಣುವ ಹಿಮ ಈ ಕಾಣದ ಶಾಖಕಿರಣಗಳ ಮಟ್ಟಿಗೆ ಕರಿಯ ವಸ್ತುವಿನಂತೆ ವರ್ತಿಸುತ್ತದೆ. ಹೀಗಾಗಿ ಗಾಳಿ ಇನ್ನೂ ಸೊನ್ನೆ ಡಿಗ್ರಿಗಿಂತ ತುಸು ಮೇಲಿದ್ದರೂ ಹಿಮದ ಮೇಲ್ಮೈ ಅದಕ್ಕಿಂತ ಕೆಳಕ್ಕೆ ಇಳಿದು, ನಡುವಿನ ನೀರೆಲ್ಲ ಹೆಪ್ಪುಗಟ್ಟಿ, ಕಣಕ್ಕೆ ಕಣ ಬೆಸೆದುಕೊಳ್ಳುತ್ತದೆ. ಮೋಡ ಕವಿದ ರಾತ್ರಿ ಇದು ನಡೆಯುವುದಿಲ್ಲ, ಏಕೆಂದರೆ ಮೋಡ ಕಂಬಳಿಯಂತೆ ಶಾಖವನ್ನು ಹಿಂದಕ್ಕೆ ಕೊಡುತ್ತದೆ. ಬೆಳಗಾಗುವ ಹೊತ್ತಿಗೆ ಮೆತ್ತನೆಯ ಹಿಮದ ಮೇಲೆ ಕೆಲವು ಅಂಗುಲ ದಪ್ಪದ ಗಟ್ಟಿ ಪದರ ಸಿದ್ಧವಾಗಿರುತ್ತದೆ.

ಇದನ್ನು ಕನ್ನಡದಲ್ಲಿ ಏನೆಂದು ಕರೆಯೋಣ? ಹಾಲಿನ ಕೆನೆ ಎನ್ನೋಣವೆಂದರೆ ಅದು ಮೃದು. ನನಗೆ ಹೊಳೆದದ್ದು ‘ಹಕ್ಕಳೆ’ ಎಂಬ ಮಾತು. ಮಾಯುತ್ತಿರುವ ಗಾಯದ ಮೇಲೆ ಕಟ್ಟುವ ಆ ಗಟ್ಟಿ ಪದರವನ್ನು ನಮ್ಮ ಹಳ್ಳಿಯವರು ಹಾಗೆ ಕರೆಯುತ್ತಾರೆ. ಕೆಳಗೆ ಹಸಿ, ಮೇಲೆ ಬಿರುಸು. ಹಕ್ಕಳೆಹಿಮ ಎಂದರೆ ಅರ್ಥ ಸ್ಪಷ್ಟವಾದೀತು. ನಾರ್ವೆಯವರು ಇದಕ್ಕೆ ‘ಸ್ಕಾರೆ’ ಎನ್ನುತ್ತಾರೆ. ಫಿನ್ನಿಷ್ ಭಾಷೆಯಲ್ಲಿ ‘ಹಂಕಿಕಾಂತೊ’ ಎಂಬ ಸಮಾಸಪದವಿದೆ. ಹಿಮವು ಮೈಭಾರವನ್ನು ಹೊರುವ ಸ್ಥಿತಿ ಎಂದು ಅದರ ಅರ್ಥ. ಸಾಮಿ ಜನರ ಮಾತು ಇನ್ನೂ ಸೊಗಸು. ಅವರ ಉತ್ತರದ ಭಾಷೆಯಲ್ಲಿ ಇಂಥ ಹಿಮ ‘ತ್ಸುವೊಂಗು’. ಏಪ್ರಿಲ್ ತಿಂಗಳಿಗೆ ಅವರು ‘ತ್ಸುವೊಂಗೊಮಾನ್ನು’ ಎನ್ನುತ್ತಾರೆ. ಹಕ್ಕಳೆಹಿಮದ ತಿಂಗಳು ಎಂದರ್ಥ. ಅಲ್ಲಿನ ‘ಮಾನ್ನು’ ಚಂದ್ರನನ್ನೂ ಹೇಳುತ್ತದೆ, ಮಾಸವನ್ನೂ ಹೇಳುತ್ತದೆ; ಥೇಟು ನಮ್ಮ ‘ತಿಂಗಳು’ ಎಂಬ ಪದದಂತೆ. ಭೂಮಿಯ ಎರಡು ಕಡೆಗಳಲ್ಲಿ, ಒಬ್ಬರಿಗೊಬ್ಬರು ತಿಳಿಯದ ಜನ ಆಕಾಶವನ್ನು ನೋಡಿ ಕಾಲವನ್ನು ಒಂದೇ ರೀತಿ ಅಳೆದರು. ಆ ಸಂಜೆ ನನಗಾದ ಸಂತೋಷವನ್ನು ಮಗಳಿಗೆ ಹೇಳಿದರೆ, “ಅಪ್ಪಾ, ನೀವು ಇಲ್ಲಿಗೂ ನಿಘಂಟು ಹೊತ್ತುಕೊಂಡು ಬಂದಿರಾ?” ಎಂದು ನಕ್ಕಳು.

ತಿಂಗಳೊಂದಕ್ಕೆ ಆ ಹೆಸರೇ ಇಡುವಷ್ಟು ಈ ಹಿಮ ಮುಖ್ಯವಾದುದು ಏಕೆ? ಅದು ನೆಲದ ಸ್ವರೂಪವನ್ನೇ ಬದಲಿಸುತ್ತದೆ. ಪೊದೆ, ಜೌಗು, ತೊರೆ, ಕಲ್ಲುಗುಪ್ಪೆ ಎಲ್ಲವೂ ಕೆಳಗೆ ಮುಚ್ಚಿಹೋಗಿ, ಮೇಲೆ ಒಂದೇ ಸಮನಾದ ಹಾಸು. ದಾರಿ ಎಂಬುದೇ ಬೇಡ. ಎತ್ತ ಮುಖ ಮಾಡಿದರೂ ದಾರಿಯೇ. ಹಿಂಡುಗಳನ್ನು ಒಳನಾಡಿನ ಚಳಿಗಾಲದ ಮೇವಿನಿಂದ ಕರಾವಳಿಯತ್ತ ಸಾಗಿಸುವ ಸಾಮಿ ಗೋವಳರು ರಾತ್ರಿಯ ಗಟ್ಟಿಹಿಮದ ಮೇಲೆ ನಡೆದು ಹಗಲು ತಂಗುವುದು ಇದಕ್ಕಾಗಿಯೇ. ಸ್ಕೀ ಬಲ್ಲವನಿಗಂತೂ, ಚಳಿಗಾಲವೆಲ್ಲ ಕಟ್ಟಿಹಾಕಿದ್ದ ನಾಡು ಒಂದೇ ಬೆಳಗಿಗೆ ಬಾಗಿಲು ತೆರೆದಂತೆ.

ಆದರೆ ಆ ಬಾಗಿಲು ತೆರೆದಿರುವುದು ಕೆಲವು ಗಂಟೆ ಮಾತ್ರ. ಬಿಸಿಲೇರಿದಂತೆ ಬೆಸುಗೆ ಸಡಿಲುತ್ತದೆ. ಕಪ್ಪು ಕಾಂಡದ ಮರಗಳ ಬುಡದಲ್ಲಿ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ, ಕಲ್ಲಿನ ಮಗ್ಗುಲಲ್ಲಿ ಮೊದಲು. ತೆರೆದ ಬಯಲಿನಲ್ಲಿ ಕೊನೆಗೆ. ನಿನ್ನೆ ಹತ್ತು ಗಂಟೆಯವರೆಗೆ ಹೊತ್ತ ಹಿಮ ಇಂದು ಎಂಟಕ್ಕೇ ಕುಸಿಯಬಹುದು. ಕೆರೆಯ ಮೇಲಾದರೆ, ಒಳಗೆ ತೊರೆ ಹರಿದುಬಂದು ಸೇರುವ ಕಡೆ ನೀರ್ಗಲ್ಲು ಮೊದಲೇ ತೆಳುವಾಗಿರುತ್ತದೆ. ಮೇಲಿನ ಹಿಮ ಅದನ್ನು ಮುಚ್ಚಿ ಕಾಣದಂತೆ ಮಾಡಿರುತ್ತದೆ. ಗಟ್ಟಿಯಾಗಿರುವಾಗ ಬೇರೊಂದು ಕಷ್ಟ: ಸ್ಕೀಗಳನ್ನು ಓರೆ ಮಾಡಿ ವೇಗ ತಗ್ಗಿಸೋಣವೆಂದರೆ ಹಲಗೆ ಕಚ್ಚುವುದೇ ಇಲ್ಲ. ಮುಂದೆ ಇಳಿಜಾರು, ಸೊಂಟಕ್ಕೆ ಓಡುವ ನಾಯಿ. ಆದ್ದರಿಂದ ಬಲ್ಲವರು ಕಡಿದಾದ ಇಳಿಜಾರು ಬಂದಾಗ ಹುರಿಯನ್ನು ಬಿಡಿಸಿ ನಾಯಿಯನ್ನು ಪಕ್ಕಕ್ಕೆ ಕರೆದುಕೊಂಡು ಇಳಿಯುತ್ತಾರೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ನಿಮ್ಮ ಮುಂದಿಡಬೇಕು. 70 ಕಿಲೋ ತೂಗುವ ಮನುಷ್ಯ ಎರಡು ಸ್ಕೀಗಳ ಮೇಲೆ ನಿಂತಿದ್ದಾನೆನ್ನಿ. ಒಂದೊಂದು ಹಲಗೆ 2 ಮೀಟರು ಉದ್ದ, ನಾಲ್ಕೂವರೆ ಸೆಂಟಿಮೀಟರು ಅಗಲ. ಎರಡೂ ಸೇರಿ 1800 ಚದರ ಸೆಂಟಿಮೀಟರು. ಅಲ್ಲಿಗೆ ಹಿಮದ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ 40 ಗ್ರಾಮಿನಷ್ಟು. ಇನ್ನು 25 ಕಿಲೋ ತೂಗುವ ನಾಯಿ. ಅದರ ಒಂದು ಪಾದ ಹೆಚ್ಚೆಂದರೆ 5 ಸೆಂಟಿಮೀಟರು ಉದ್ದ, 5 ಅಗಲ. ನಾಲ್ಕೂ ಸೇರಿ 100 ಚದರ ಸೆಂಟಿಮೀಟರು. ಭಾರ 250 ಗ್ರಾಮು! ಅದೂ ನಾಲ್ಕು ಕಾಲಿನ ಮೇಲೆ ನಿಂತಾಗ. ಓಡುವಾಗ ಇನ್ನೂ ಹೆಚ್ಚು. ಮನುಷ್ಯನ ಮೂರನೆಯ ಒಂದು ಪಾಲಿನಷ್ಟು ತೂಗುವ ನಾಯಿ ಹಿಮವನ್ನು ಒತ್ತುವುದು ಅವನ ಆರರಷ್ಟು. ಹಾಗಾಗಿ ಹಿಮ ಸಡಿಲವಾಗುತ್ತಿದೆ ಎಂಬುದು ನಾಯಿಗೆ ಮೊದಲು ತಿಳಿಯುತ್ತದೆ. ಅಗಲವಾದ ಹಲಗೆಗಳ ಮೇಲೆ ಹಾಯಾಗಿ ಬರುತ್ತಿರುವವನಿಗೆ ಕೊನೆಗೆ ತಿಳಿಯುತ್ತದೆ. ಈ ಲೆಕ್ಕವನ್ನು ನಾನು ಮಾಡಿದ್ದು ತಡವಾಗಿ. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ನಾಯಿಗೆ ಮತ್ತೊಂದು ತೊಡಕು ಶಾಖದ್ದು. ನಮ್ಮಂತೆ ಅದು ಮೈಯೆಲ್ಲ ಬೆವರುವುದಿಲ್ಲ. ಅಂಗಾಲುಗಳಲ್ಲಿ ತುಸು ಬೆವರುತ್ತದೆ, ಉಳಿದದ್ದೆಲ್ಲ ನಾಲಗೆ ಚಾಚಿ ಏದುವುದರಿಂದಲೇ ಆಗಬೇಕು. ಅದರ ಸಹಜ ಮೈಶಾಖ 38ರಿಂದ 39 ಡಿಗ್ರಿ. ದುಡಿಯುತ್ತ ಅದು 41ನ್ನು ದಾಟಿತೆಂದರೆ ಅಪಾಯ. ನಮಗೆ ಕೊರೆಯುವ ಚಳಿ ಎನಿಸುವುದು ಅದಕ್ಕೆ ಹಿತ. ನಮಗೆ ಹಿತವಾದ ವಸಂತದ ಬಿಸಿಲು ಅದಕ್ಕೆ ಬೇಗೆ. ಹಕ್ಕಳೆಹಿಮ ಮರಳಕಾಗದದಂತೆ ಅಂಗಾಲನ್ನು ಉಜ್ಜುವುದರಿಂದ ನಾಲ್ಕು ಕಾಲಿಗೂ ಬಟ್ಟೆಯ ಚೀಲಗಳನ್ನು ತೊಡಿಸುತ್ತಾರೆ. ನೀರು ಕುಡಿಸಿ ಹೊರಡುತ್ತಾರೆ. ಬೆಳಗಿನ ಜಾವ ಹೊರಟು ಬಿಸಿಲೇರುವ ಮುನ್ನ ಮನೆ ಸೇರುವುದು ಈ ಎಲ್ಲ ಕಾರಣಗಳಿಂದ.

ಹುರಿಯ ಎರಡು ತುದಿಗಳ ಈ ಸಂಬಂಧಕ್ಕೆ ಇತಿಹಾಸದಲ್ಲಿ ಒಂದು ದೊಡ್ಡ ಅಧ್ಯಾಯವಿದೆ. 1911ರಲ್ಲಿ ನಾರ್ವೆಯ ರೋಆಲ್ ಅಮುಂಡ್ಸೆನ್ ನಾಲ್ವರು ಸಂಗಾತಿಗಳೊಡನೆ, ನಾಲ್ಕು ಹಿಮಗಾಡಿ ಹಾಗೂ 52 ನಾಯಿಗಳೊಡನೆ ದಕ್ಷಿಣ ಧ್ರುವಕ್ಕೆ ಹೊರಟ. ಹೊರಟ ಕೆಲವು ದಿನಗಳಲ್ಲಿಯೇ ನಾಯಿಗಳ ಉತ್ಸಾಹ ಕಂಡು, ಸ್ಕೀಯ ಮೇಲೆ ನಿಂತು ಸಂಗಾತಿಯೊಬ್ಬನ ಗಾಡಿಗೆ ಹಗ್ಗ ಕಟ್ಟಿಕೊಂಡು ಎಳೆಸಿಕೊಂಡನೆಂದೂ, ಬಹುದೂರ ಹಾಗೆಯೇ ಸಾಗಿದರೆಂದೂ, ಧ್ರುವಕ್ಕೆ ಹೀಗೆ ಸವಾರಿ ಹೋದೇವೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲವೆಂದೂ ಅವನು ತನ್ನ ಪ್ರವಾಸಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಓದುವಾಗ ನಮಗೂ ಉಲ್ಲಾಸವಾಗುತ್ತದೆ. ಆದರೆ ಮುಂದಿನ ಪುಟಗಳಿವೆ. ಹಿಮನದಿಯನ್ನು ಹತ್ತಿ ಪ್ರಸ್ಥಭೂಮಿಯನ್ನು ಮುಟ್ಟಿದಾಗ, ಮೊದಲೇ ಹಾಕಿಕೊಂಡ ಲೆಕ್ಕದ ಪ್ರಕಾರ 24 ನಾಯಿಗಳನ್ನು ಕೊಂದು ಉಳಿದ ನಾಯಿಗಳಿಗೂ ತಮಗೂ ಆಹಾರ ಮಾಡಿಕೊಂಡರು. ಡಿಸೆಂಬರ್ 14ರಂದು ಧ್ರುವವನ್ನು ಮುಟ್ಟಿದರು. 1912ರ ಜನವರಿಯಲ್ಲಿ ನೆಲೆಗೆ ಮರಳಿದಾಗ ಉಳಿದಿದ್ದ ನಾಯಿಗಳು 11. ಅವನಿಗಿಂತ ಮೊದಲು, 1895ರಲ್ಲಿ ಉತ್ತರ ಧ್ರುವದತ್ತ ನಡೆದ ನಾನ್ಸೆನ್ ಕೂಡ ತನ್ನ ನಾಯಿಗಳನ್ನು ಒಂದೊಂದಾಗಿ ಕೊಲ್ಲುತ್ತ ಹೋಗಬೇಕಾಯಿತು; ಮುಂದೆ ನಿರಾಶ್ರಿತರಿಗಾಗಿ ದುಡಿದು 1922ರ ಶಾಂತಿ ಪಾರಿತೋಷಕ ಪಡೆದ ಕರುಣಾಳುವೇ ಅವನು. ಅವರನ್ನು ಇಂದು ಬೆಚ್ಚಗಿನ ಕೋಣೆಯಲ್ಲಿ ಕುಳಿತು ನಿಂದಿಸುವುದು ಸುಲಭ, ನಾನು ನಿಂದಿಸುತ್ತಿಲ್ಲ. ಹುರಿಯ ಹಿಂದಿನ ತುದಿಯಲ್ಲಿರುವವನ ಕೈಯಲ್ಲಿ ಎಷ್ಟು ಅಧಿಕಾರವಿದೆಯೆಂಬುದನ್ನು ಮಾತ್ರ ತೋರಿಸುತ್ತಿದ್ದೇನೆ.

ಗಟ್ಟಿಹಿಮ ಎಲ್ಲರಿಗೂ ಸಮಾನವಾಗಿ ಉಪಕಾರಿಯಲ್ಲ ಎಂಬುದನ್ನೂ ಹೇಳಬೇಕು. ಜಿಂಕೆಯ ಚೂಪು ಗೊರಸು ಹಕ್ಕಳೆಯನ್ನು ಒಡೆದುಕೊಂಡು ಒಳಗೆ ಇಳಿಯುತ್ತದೆ. ನಾಯಿಯೂ ತೋಳವೂ ಮೇಲೆಯೇ ಓಡುತ್ತವೆ. ಚಳಿಗಾಲವೆಲ್ಲ ಅರೆಹೊಟ್ಟೆಯಲ್ಲಿ ಕಳೆದ, ಗರ್ಭ ಹೊತ್ತ ಜಿಂಕೆಯನ್ನು ಸಾಧುವಾದ ಮನೆನಾಯಿಯೂ ಈ ದಿನಗಳಲ್ಲಿ ಅಟ್ಟಿ ಕೊಲ್ಲಬಲ್ಲದು. ಅದಕ್ಕಾಗಿಯೇ ನಾರ್ವೆಯಲ್ಲಿ ಏಪ್ರಿಲ್ 1ರಿಂದ ಆಗಸ್ಟ್ 20ರವರೆಗೆ ನಾಯಿಗಳನ್ನು ಕಟ್ಟಿಯೇ ಇಡಬೇಕೆಂಬ ಕಾನೂನಿದೆ. ಸೊಂಟದ ಹುರಿ ಹೀಗೆ ಕಾಡಿನ ಪ್ರಾಣಿಗೂ ರಕ್ಷೆ. ಇನ್ನು ಚಳಿಗಾಲದ ನಡುವೆ ಮಳೆ ಬಿದ್ದು ಹಿಮ ನೀರ್ಗಲ್ಲಾದರೆ, ಕೆಳಗಿನ ಕಲ್ಲುಹೂವನ್ನು ಕೆದಕಿ ತಿನ್ನಲಾರದೆ ಹಿಮಸಾರಂಗಗಳು ಹಸಿವಿನಿಂದ ಸಾಯುತ್ತವೆ. 2013ರ ನವೆಂಬರಿನಲ್ಲಿ ರಷ್ಯದ ಯಮಾಲ್ ಪ್ರಾಂತದಲ್ಲಿ ಹೀಗೆ ಮಳೆ ಬಿದ್ದು, ಮುಂದಿನ ತಿಂಗಳುಗಳಲ್ಲಿ ಸುಮಾರು 61,000 ಹಿಮಸಾರಂಗಗಳು ಸತ್ತವು. 1979ರಿಂದ ಈಚೆಗೆ ಉತ್ತರ ಧ್ರುವಪ್ರದೇಶ ಲೋಕದ ಸರಾಸರಿಯ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಬೆಚ್ಚಗಾಗುತ್ತಿದೆ. ಹಕ್ಕಳೆಹಿಮದ ತಿಂಗಳು ಎಂಬ ಹೆಸರು ಪಂಚಾಂಗದಲ್ಲಿ ಉಳಿದೀತು; ಹಿಮ ಆ ಹೆಸರಿಗೆ ತಪ್ಪದೆ ಬಂದೀತೆಂಬ ಭರವಸೆ ಕಡಿಮೆಯಾಗುತ್ತಿದೆ.

ಈಗ ನನ್ನ ಕಥೆ. ಏಪ್ರಿಲ್ ಕೊನೆಯ ಒಂದು ದಿನ ಬೆಳಗಿನ ಐದು ಗಂಟೆಗೆ ನೆರೆಮನೆಯ ಹಿರಿಯರು ನನ್ನನ್ನು ಊರಾಚೆಯ ಬಯಲಿಗೆ ಕರೆದೊಯ್ದರು. ನನಗೆ ಸ್ಕೀ ಬಾರದು. ಜಾಲರಿಯಂತಿರುವ ಅಗಲವಾದ ಹಿಮಪಾದರಕ್ಷೆಗಳನ್ನು ಕೊಟ್ಟಿದ್ದರು. ನಾನು ಒಂದು ದಿಬ್ಬದ ಮೇಲೆ ನಿಂತೆ. ಅವರು ಹುರಿ ಸಿಕ್ಕಿಸಿ ಒಂದು ಮಾತು ಹೇಳಿದ್ದೇ ತಡ, ಫ್ರೈಯಾ ಹೊರಟಿತು. ಎಪ್ಪತ್ತು ದಾಟಿದ ಆ ಮನುಷ್ಯ ಬಯಲಿನ ಆ ತುದಿಯವರೆಗೆ ಕ್ಷಣಮಾತ್ರದಲ್ಲಿ ಹೋಗಿ ಚುಕ್ಕೆಯಾದರು, ತಿರುಗಿ ಬಂದರು. ಸ್ಕೀಗಳ ಕರಕರ ಸದ್ದು, ನಾಯಿಯ ಉಸಿರು, ಮತ್ತೇನೂ ಇಲ್ಲ. ನಡುನಡುವೆ ನಿಲ್ಲಿಸಿ ಅದರ ಕಾಲುಗಳನ್ನು ನೋಡುತ್ತಿದ್ದರು. ಎಂಟೂವರೆಯ ಹೊತ್ತಿಗೆ ಅವರು ಕೊಂಡಿ ಬಿಚ್ಚತೊಡಗಿದರು.

ನಾನು ಆವರೆಗೆ ಒಂದೂ ಒಳ್ಳೆಯ ಛಾಯಾಚಿತ್ರ ತೆಗೆದಿರಲಿಲ್ಲ. ನಮ್ಮೂರಿನ ಮಿತ್ರರಿಗೆ ತೋರಿಸಬೇಕೆಂಬ ಚಪಲ. ಆ ಬರ್ಚ್ ಮರಗಳ ಪಕ್ಕದಲ್ಲಿ ಒಂದೇ ಒಂದು ಸುತ್ತು ಹೋಗಿಬನ್ನಿ, ಬೆಳಕು ಚೆನ್ನಾಗಿದೆ ಎಂದೆ. ಅವರು ಹಿಮವನ್ನು ನೋಡಿದರು, ನನ್ನನ್ನು ನೋಡಿದರು. ನಾನು ಕಾಲಿನಿಂದ ಗಟ್ಟಿಯಾಗಿ ಅಪ್ಪಳಿಸಿ, ಇಲ್ಲಿ ನೋಡಿ, ಇನ್ನೂ ಕಲ್ಲಿನ ಹಾಗಿದೆ ಎಂದೆ. ನಿಜ, ನನ್ನ ಅಗಲವಾದ ಪಾದರಕ್ಷೆಯ ಕೆಳಗೆ ಅದು ಕಲ್ಲಿನ ಹಾಗೆಯೇ ಇತ್ತು. ಅವರು ಮತ್ತೆ ಕೊಂಡಿ ಸಿಕ್ಕಿಸಿದರು.

ಮರಗಳ ಹತ್ತಿರ ಫ್ರೈಯಾಳ ಮುಂಗಾಲು ಒಳಗೆ ಇಳಿಯಿತು. ಅದು ಕಿತ್ತುಕೊಂಡು ಓಡಿತು. ಮತ್ತೊಮ್ಮೆ ಇಳಿಯಿತು, ಮತ್ತೆ ಓಡಿತು. ನಾನು ಚಿತ್ರ ತೆಗೆಯುತ್ತಿದ್ದೆ. ಅವರು ಕೂಗಿ ನಿಲ್ಲಿಸಿದ ಮೇಲೆಯೇ ನನಗೆ ಹಿಮದ ಮೇಲಿನ ಕೆಂಪು ಹನಿಗಳು ಕಂಡದ್ದು. ಕಾಲುಚೀಲದ ಮೇಲ್ಭಾಗದಲ್ಲಿ, ಒಡೆದ ಹಕ್ಕಳೆಯ ಅಂಚು ಗಾಜಿನಂತೆ ಚರ್ಮವನ್ನು ಸೀಳಿತ್ತು. ವಿಚಿತ್ರವೆಂದರೆ, ಅವರು ಮಂಡಿಯೂರಿ ಕರವಸ್ತ್ರ ಕಟ್ಟುತ್ತಿದ್ದಾಗಲೂ ಅದು ಮುಂದಕ್ಕೆ ಹೋಗಲು ತವಕಿಸುತ್ತ, ಹುರಿಯನ್ನು ಬಿಗಿಯಾಗಿ ಹಿಡಿದು ನಿಂತಿತ್ತು.

ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ತಪ್ಪಾಯಿತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ತಪ್ಪು ನಿಮ್ಮದಲ್ಲ. ನಿಮಗೆ ತಿಳಿಯದು, ನನಗೆ ತಿಳಿದಿತ್ತು. ಅತಿಥಿಗೆ ಇಲ್ಲವೆನ್ನಲು ಸಂಕೋಚವಾಯಿತು. ಇವಳು ಎಂದೂ ಸಾಕು ಎನ್ನುವುದಿಲ್ಲ. ಇವಳ ಪರವಾಗಿ ಸಾಕು ಎನ್ನಬೇಕಾದವನು ನಾನು.” ಹುರಿಯನ್ನು ಸುತ್ತಿ ಚೀಲದಲ್ಲಿಟ್ಟು, ನಾಯಿಯನ್ನು ಪಕ್ಕದಲ್ಲಿ ನಡೆಸಿಕೊಂಡು, ಎಳೆಸಿಕೊಳ್ಳದೆ ಮನೆಗೆ ಬಂದರು. ನಾನು ಹಿಂದೆ ಬಂದೆ. ಗಾಯ ದೊಡ್ಡದಲ್ಲ, ನಾನು ಊರಿಗೆ ಹೊರಡುವ ಹೊತ್ತಿಗೆ ಹಕ್ಕಳೆ ಕಟ್ಟಿತ್ತು. ಆ ಪದ ನನಗೆ ಆಗ ಮೊದಲಿನಷ್ಟು ಸೊಗಸಾಗಿ ಕಾಣಲಿಲ್ಲ.

ಆ ರಾತ್ರಿ ಕುಳಿತು ನಾನು ಹಿಂದೆ ಹೇಳಿದ ಲೆಕ್ಕ ಮಾಡಿದೆ. ನನ್ನ ಕಾಲಡಿಯ ಹಿಮವನ್ನು ಸಾಕ್ಷಿಗೆ ಕರೆದಿದ್ದೆ. ಅದು ಸುಳ್ಳು ಹೇಳಿರಲಿಲ್ಲ. ಕೇಳಬೇಕಾದ ಸಾಕ್ಷಿ ಅದಾಗಿರಲಿಲ್ಲ. ಎಳೆಯುವವರ ಕಾಲಡಿಯ ನೆಲ ಹೇಗಿದೆಯೆಂಬುದನ್ನು ಎಳೆಸಿಕೊಳ್ಳುವವರ ಸುಖದಿಂದ ಅಳೆಯಲಾಗದು. ಇದು ನಾಯಿಗೆ ಮಾತ್ರ ಅನ್ವಯಿಸುವ ಮಾತಲ್ಲವೆಂದು ನಿಮಗೆ ಬೇರೆ ಹೇಳಬೇಕಿಲ್ಲ. ಮನೆಯಲ್ಲಿ, ಕಚೇರಿಯಲ್ಲಿ, ಪಾಠಶಾಲೆಯಲ್ಲಿ ಸಾಕು ಎನ್ನಲು ಬಾರದೆ ಎಳೆಯುವ ಜೀವಗಳು ಎಷ್ಟಿಲ್ಲ?

1967ರ ಈಸ್ಟರ್ ರಜೆಯಲ್ಲಿ ನಾರ್ವೆಯ ಬೆಟ್ಟಗಳಲ್ಲಿ 18 ಜನ ಸತ್ತರು. ಅನಂತರ ಅಲ್ಲಿನ ರೆಡ್‌ಕ್ರಾಸ್ ಮತ್ತು ಪ್ರವಾಸಿ ಸಂಘ ಕೂಡಿ ಬೆಟ್ಟಕ್ಕೆ ಹೋಗುವವರ ನಡವಳಿಕೆಯ ನಿಯಮಗಳನ್ನು ಮನೆಮನೆಗೂ ತಲುಪಿಸಿದವು. ಶಾಲೆಯ ಮಕ್ಕಳೂ ಅವನ್ನು ಬಲ್ಲರು. ಅವುಗಳಲ್ಲಿ ಎಂಟನೆಯದು ಹೇಳುವುದಿಷ್ಟು: ಹೊತ್ತಿಗೆ ಸರಿಯಾಗಿ ಹಿಂದಿರುಗಬೇಕು, ಹಿಂದಿರುಗುವುದರಲ್ಲಿ ನಾಚಿಕೆಯೇನೂ ಇಲ್ಲ. ಅದಕ್ಕೆ ನಾನು ಸೇರಿಸಬಹುದಾದದ್ದು ಒಂದೇ: ಹಿಂದಿರುಗುತ್ತಿರುವವನನ್ನು ಇನ್ನೊಂದು ಸುತ್ತಿಗೆ ಒತ್ತಾಯಿಸಬಾರದು.

ಸ್ವರ್ಗದ ಬಾಗಿಲಿನಲ್ಲಿ ಧರ್ಮರಾಯ ನಾಯಿಯನ್ನು ಬಿಟ್ಟು ಒಳಗೆ ಬರಲಾರೆನೆಂದ. ಅಷ್ಟು ದೊಡ್ಡ ಪರೀಕ್ಷೆ ನಮಗೆಲ್ಲ ಬರಲಾರದು. ನಮಗೆ ಬರುವುದು ಬೆಳಗಿನ ಎಂಟೂವರೆ ಗಂಟೆಯ ಸಣ್ಣ ಪರೀಕ್ಷೆಗಳು. ಆ ಛಾಯಾಚಿತ್ರ ಚೆನ್ನಾಗಿಯೇ ಬಂದಿದೆ. ನಾಯಿ ನೆಗೆಯುತ್ತಿದೆ, ಹುರಿ ಬಿಗಿದಿದೆ, ಹಿಂದೆ ಬೆಳಕು. ಮುಂಗಾಲಿನ ಹತ್ತಿರ ಒಂದು ಸಣ್ಣ ಕಪ್ಪು ಚುಕ್ಕೆ ಕಾಣುತ್ತದೆ. ತಿಳಿಯದವರಿಗೆ ಅದು ಮುದ್ರಣದ ದೋಷವೆನಿಸೀತು. ಅದನ್ನು ನಾನು ಯಾರಿಗೂ ಕಳಿಸಲಿಲ್ಲ.